ಪರನಾಡಿನ ಹೂಗಿಡಗಳ ಬೆನ್ನು ಹತ್ತಿದ ವೈದ್ಯ

ಇತಿಹಾಸದ ಗ್ರಂಥಗಳಲ್ಲಿ ನಮ್ಮ ಮನೋಳಿಯ ಹೆಸರು ಬರುವದು ತೀರ ವಿರಳ. ಬಂದರೂ ಅದು ಪಂಚಲಿಂಗೇಶ್ವರನ ಗುಡಿಯ ನಿಮಿತ್ತದಿಂದ, ಇಲ್ಲವೆ ಒಂದು ಕಾಳಗದ ನಿಮಿತ್ತದಿಂದ. 1800ನೆಯ ಇಸವಿಯ ಜುಲೈ 30ರಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಮನೋಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಧೋಂಡಿಯಾ ವಾಘನ ಪಾಳೆಯದ ಮೇಲೆ ಒಮ್ಮೆಲೆ ಬಿದ್ದಿತು. ಮಳೆಗಾಲದ ಹೊಳೆ. ಹಿಂದೆ ಸೈನ್ಯ, ಮುಂದೆ ನೀರು. ಅನೇಕರು ಹೊಳೆಯಲ್ಲಿ ಬಿದ್ದು ಸತ್ತರು. ಧೋಂಡಿಯಾ ಆ ದಿನ ತಪ್ಪಿಸಿಕೊಂಡನು. ಆದರೆ ಸಪ್ಟೆಂಬರ 10ರಂದು ರಾಯಚೂರ ಸೀಮೆಯ ಕೋಣಗಲ್ಲಿನಲ್ಲಿ ಅವನ ಕಥೆ ಮುಗಿಯಿತು. ವೆಲ್ಲೆಸ್ಲಿಯು ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನಾಗಿ ಜಗದ್ವಿಖ್ಯಾತನಾದನು.

ಇದನ್ನೆಲ್ಲ ನಾನು ಕಳೆದ ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆನು. ಆಗ ಅದೇ ಕಪಾಟಿನಲ್ಲಿ ಮೂರು ದಪ್ಪ ಸಂಪುಟಗಳ ಒಂದು ಪ್ರವಾಸಗ್ರಂಥದ ಮರುಮುದ್ರಣ ಕಣ್ಣಿಗೆ ಬಿದ್ದಿತು. ಮದರಾಸಿನಿಂದ ಮೈಸೂರು, ಕೆನರಾ ಮತ್ತು ಮಲಬಾರ ಸೀಮೆಗಳಲ್ಲಿ ಮಾಡಿದ ಪ್ರಯಾಣದ ದಿನಚರಿ ಅದು. ಬರೆದವನು ಡಾಕ್ಟರ ಫ್ರಾನ್ಸಿಸ್ ಬುಕಾನನ್. ಪುಟ ತಿರುವುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮೂರ ಹೊಳೆ ಹೆಣಗಳನ್ನು ಹೊತ್ತು ಹರಿದ ಅದೇ ಮಳೆಗಾಲದಲ್ಲಿ ಈ ಮನುಷ್ಯನು ದಕ್ಷಿಣಕ್ಕೆ ಕೋಲಾರ, ದೊಡ್ಡಬಳ್ಳಾಪುರ, ಮಧುಗಿರಿ, ಶಿರಾ ಎಂದು ಸುತ್ತುತ್ತ, ಹೊಲದ ಬದುವಿನಲ್ಲಿ ನಿಂತು ರೈತರಿಗೆ ಗಿಡಗಳ ಹೆಸರು ಕೇಳುತ್ತಿದ್ದನು. ಒಬ್ಬನು ತೋಪು ತಂದನು, ಇನ್ನೊಬ್ಬನು ಕಾಗದ ತಂದನು. ಇಬ್ಬರೂ ಒಂದೇ ಸರಕಾರದ ಮನುಷ್ಯರು. ಅಷ್ಟೇ ಅಲ್ಲ, ಕಾಗದದವನನ್ನು ಕಳಿಸಿದ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿಯು ತೋಪಿನವನ ಒಡಹುಟ್ಟಿದ ಅಣ್ಣ. ಅಂದಿನಿಂದ ಬುಕಾನನ್ನನ ಜೀವನದ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆನು. ಆತನನ್ನು ಮೆಚ್ಚಬೇಕೋ ಸಿಟ್ಟಾಗಬೇಕೋ ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಆ ಮನಸ್ಥಿತಿಯಲ್ಲಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಫ್ರಾನ್ಸಿಸ್ ಬುಕಾನನ್ನನು ಹುಟ್ಟಿದ್ದು 1762ನೆಯ ಇಸವಿಯ ಫೆಬ್ರುವರಿ 15ರಂದು, ಸ್ಕಾಟ್ಲಂಡ ದೇಶದಲ್ಲಿ. ತಂದೆಯೂ ವೈದ್ಯನೇ. ಮನೆತನಕ್ಕೆ ಲೆನಿ ಎಂಬಲ್ಲಿ ಜಮೀನಿತ್ತು. ಆದರೆ ಮೂವರು ಅಣ್ಣಂದಿರ ಕೆಳಗೆ ಹುಟ್ಟಿದವನಿಗೆ ಆಸ್ತಿಯ ಆಸೆಯೆಲ್ಲಿ? ಹೊಟ್ಟೆಪಾಡಿಗೆ ಒಂದು ವಿದ್ಯೆ ಬೇಕಾಗಿತ್ತು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಎಂ. ಡಿ. ಪದವಿ ಪಡೆದನು. ಬಿಟ್ಟು ಬಿಟ್ಟು ಬರುವ ಚಳಿಜ್ವರವೇ ಆತನ ಪ್ರಬಂಧದ ವಿಷಯ. ಆ ಕಾಲದ ವೈದ್ಯರಿಗೆ ಔಷಧವೆಂದರೆ ಬಹುಮಟ್ಟಿಗೆ ಗಿಡಮೂಲಿಕೆಯೇ ಆದ್ದರಿಂದ ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗುತ್ತಿತ್ತು. ಎಡಿನ್‌ಬರೊದಲ್ಲಿ ಅದನ್ನು ಕಲಿಸುತ್ತಿದ್ದವರು ಜಾನ್ ಹೋಪ್ ಎಂಬ ಪ್ರಾಧ್ಯಾಪಕರು. ಸ್ವೀಡನ್ನಿನ ಲಿನೇಯಸ್ ಪಂಡಿತನು ಹಾಕಿಕೊಟ್ಟ ವರ್ಗೀಕರಣದ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಲಿಗೆ ಪಾಠ ಹೇಳಿದವರಲ್ಲಿ ಅವರೂ ಒಬ್ಬರು. ಕಲಕತ್ತೆಯ ಸಸ್ಯೋದ್ಯಾನವನ್ನು ಬೆಳೆಯಿಸಿದ ವಿಲಿಯಂ ರಾಕ್ಸ್‌ಬರೊ ಸಹ ಇದೇ ಗುರುವಿನ ಶಿಷ್ಯನು. ಒಬ್ಬ ಮೇಷ್ಟರ ಪಾಠವು ಎರಡು ಸಮುದ್ರ ದಾಟಿ ಬಂದು ನಮ್ಮ ದೇಶದ ಗಿಡಮರಗಳ ಮೇಲೆ ಕಣ್ಣಿಟ್ಟಿತು ಎನ್ನಬಹುದು. ನಮ್ಮ ಉಪನ್ಯಾಸಕರು ಈ ಮಾತನ್ನು ಓದಿ ಸಂತೋಷಪಟ್ಟಾರೆಂದು ನಂಬಿದ್ದೇನೆ.

ಪದವಿ ಪಡೆದ ಮೇಲೆ ಕೆಲವು ವರ್ಷ ಹಡಗಿನ ವೈದ್ಯನಾಗಿ ಮುಂಬಯಿಗೂ ಚೋಳಮಂಡಲದ ತೀರಕ್ಕೂ ಓಡಾಡಿದನು. 1794ರಲ್ಲಿ ಕಲಕತ್ತೆಗೆ ಬಂದು ಕಂಪನಿ ಸರಕಾರದ ವೈದ್ಯಖಾತೆಯನ್ನು ಸೇರಿದನು. ಮರುವರ್ಷವೇ ಕ್ಯಾಪ್ಟನ್ ಸೈಮ್ಸ್ ಎಂಬವನ ರಾಯಭಾರದೊಡನೆ ಬ್ರಹ್ಮದೇಶದ ಆವಾ ಆಸ್ಥಾನಕ್ಕೆ ಹೋಗಿ ಅಲ್ಲಿಯ ಗಿಡಗಳನ್ನು ಒಣಗಿಸಿ ತಂದನು. 1798ರಲ್ಲಿ ಸಂಬಾರ ಪದಾರ್ಥಗಳನ್ನು ಬೆಳೆಯಲು ತಕ್ಕ ನೆಲವನ್ನು ಹುಡುಕುವದಕ್ಕಾಗಿ ಚಿತ್ತಗಾಂಗ ಸೀಮೆಯನ್ನು ಸುತ್ತಿದನು. ಎಲ್ಲಿಗೆ ಹೋದರೂ ಕೆಲಸ ಕಂಪನಿಯದು, ಹುಚ್ಚು ಮಾತ್ರ ಆತನದೇ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಗೆದ್ದವರಿಗೆ ತಿಳಿಯಬೇಕಲ್ಲವೆ? ಆ ಕೆಲಸಕ್ಕೆ ಬುಕಾನನ್ನನ ಆಯ್ಕೆಯಾಯಿತು. ಬೆಳೆಗಳು ಯಾವುವು, ದನಗಳ ತಳಿ ಎಂಥದು, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ ಎಲ್ಲೆಲ್ಲಿ ಎಷ್ಟು, ಗಣಿಗಳು ಯಾವುವು, ನೇಕಾರರ ಸ್ಥಿತಿ ಹೇಗಿದೆ, ಎಲ್ಲವನ್ನೂ ವಿಚಾರಿಸಿ ಬರೆಯಬೇಕೆಂದು ಆಜ್ಞೆಯಾಯಿತು. ಗೆದ್ದ ಮನೆಯ ಸಾಮಾನಿನ ಯಾದಿ ಮಾಡಿದಂತೆ ಇದು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟವನು ತಿರುಗಿ ಮದರಾಸು ಸೇರಿದ್ದು 1801ರ ಜುಲೈ 6ರಂದು. ಹದಿನಾಲ್ಕು ತಿಂಗಳಿಗೂ ಮಿಕ್ಕಿದ ಪ್ರಯಾಣ. ದಿನ ದಿನಕ್ಕೆ ಹೋದಷ್ಟು ದೂರ, ಕಂಡ ಊರು, ಕೇಳಿದ ಸಂಗತಿ ಎಲ್ಲವನ್ನೂ ತಾರೀಖು ಹಾಕಿ ಬರೆದನು.

ಆ ದಿನಚರಿಯಲ್ಲಿ ನನಗೆ ಬಹಳ ಹಿಡಿಸಿದ ಭಾಗವೆಂದರೆ ಮೇ ತಿಂಗಳಲ್ಲಿ ಆತನು ಬೆಂಗಳೂರಿನಲ್ಲಿ ಹೈದರ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿದ ವೃತ್ತಾಂತ. ಒಡೆಯನು ಸತ್ತು ಒಂದು ವರ್ಷವಾಗಿತ್ತು. ತೋಟಗಳು ಇನ್ನೂ ಜೀವ ಹಿಡಿದಿದ್ದವು. ನೆಲವನ್ನು ಚೌಕ ಚೌಕವಾಗಿ ವಿಂಗಡಿಸಿ ನಡುವೆ ಕಾಲುದಾರಿ ಬಿಟ್ಟು, ದಾರಿಯ ಎರಡೂ ಕಡೆಗೆ ಸುಂದರವಾದ ಸೈಪ್ರಸ್ ಮರಗಳನ್ನು ಬೆಳೆಯಿಸಿದ್ದರು. ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡ: ಇದು ಗುಲಾಬಿಯ ಚೌಕ, ಅದು ದಾಳಿಂಬದ ಚೌಕ, ಹೀಗೆ. ಬಗೆಬಗೆಯ ಹೂಗಳನ್ನು ಒಂದೇ ಮಡಿಯಲ್ಲಿ ಬೆರೆಸಿ ನೋಡಿ ರೂಢಿಯಾದ ಪರದೇಶದವನಿಗೆ ಇದು ಹೊಸ ಕ್ರಮ. ನೀರು ಹಾಯಿಸುವ ಕಾಲುವೆಗಳನ್ನೂ ಗಮನಿಸಿದನು. ದ್ರಾಕ್ಷಿ ಚೆನ್ನಾಗಿ ಬರುತ್ತಿತ್ತು; ಸೇಬು ಮತ್ತು ಪೀಚ್ ಮರಗಳು ಕಾಯಿ ಬಿಡುತ್ತಿದ್ದವು. ಎಲ್ಲಕ್ಕಿಂತ ವಿಶೇಷವೆಂದರೆ ಆಫ್ರಿಕಾ ಖಂಡದ ತುದಿಯ ಗುಡ್‌ಹೋಪ್ ಭೂಶಿರದಿಂದ ತರಿಸಿದ ಪೈನ್ ಮತ್ತು ಓಕ್ ಸಸಿಗಳು ಅಲ್ಲಿ ಹುಲುಸಾಗಿ ಬೆಳೆಯುತ್ತಿದ್ದವು. ಸ್ಕಾಟ್ಲಂಡದವನು ಬೆಂಗಳೂರಿನ ತೋಟದಲ್ಲಿ ಓಕ್ ಸಸಿಯನ್ನು ಕಂಡಾಗ ಆತನ ಮನಸ್ಸಿನಲ್ಲಿ ಏನಾಯಿತೋ, ಪುಸ್ತಕದಲ್ಲಿಲ್ಲ. ಆತನದು ಭಾವನೆಗಳನ್ನು ಕಾಗದದ ಮೇಲೆ ಚೆಲ್ಲುವ ಸ್ವಭಾವವಲ್ಲ. ಆದರೆ ವೈರಿಯೆಂದು ತನ್ನ ಸರಕಾರವು ಕೊಂದ ಅರಸನ ತೋಟವನ್ನು ಆತನು ತೋಟವೆಂದೇ ನೋಡಿದನು, ಚೆನ್ನಾಗಿರುವದನ್ನು ಚೆನ್ನಾಗಿದೆಯೆಂದೇ ಬರೆದನು. ಇಂದು ಲಾಲ್‌ಬಾಗಿನಲ್ಲಿ ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ಫಲಪುಷ್ಪ ಪ್ರದರ್ಶನ ನೋಡಲು ಸಾಲುಗಟ್ಟಿ ನಿಲ್ಲುವವರಲ್ಲಿ ಎಷ್ಟು ಜನರಿಗೆ ಆ ಗುಲಾಬಿಯ ಚೌಕದ ನೆನಪಿದ್ದೀತು? ನಾನೂ ಕಾಲೇಜಿನ ಪ್ರವಾಸದಲ್ಲಿ ಹೋದಾಗ ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಂಡು ಬಂದವನೇ.

ತೋಟದಿಂದ ಹೊಲಕ್ಕೆ ಬರೋಣ. ಬುಕಾನನ್ನನು ರಾಗಿಯ ಬೇಸಾಯವನ್ನು ವಿವರಿಸಿದ ರೀತಿಯನ್ನು ನೋಡಿದರೆ ಆತನ ತಾಳ್ಮೆಗೆ ತಲೆದೂಗಬೇಕು. ಎಷ್ಟು ಸಲ ಉಳುವರು, ಯಾವ ಮಳೆಗೆ ಬಿತ್ತುವರು, ಕೂರಿಗೆಯ ತಾಳುಗಳು ಹೇಗಿರುವವು, ಅಕ್ಕಡಿ ಸಾಲುಗಳಲ್ಲಿ ಯಾವ ಕಾಳು ಬೀಳುವದು, ಒಂದನ್ನೂ ಬಿಡದೆ ಬರೆದನು. ಕೂರಿಗೆಯ ಚಿತ್ರವನ್ನೂ ಪುಸ್ತಕದಲ್ಲಿ ಹಾಕಿಸಿದನು. ಕೂರಿಗೆ, ಅಕ್ಕಡಿ ಎಂಬ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತನಗೆ ತಿಳಿದಂತೆ ವಕ್ರವಾಗಿ ಬರೆದಿದ್ದಾನೆ. ಮೊದಲ ಸಲ ಓದುವವರು ಆ ಕಾಗುಣಿತವನ್ನು ಬಾಯಿಬಿಟ್ಟು ಓದಿದರೆ ಮಾತ್ರ ನಮ್ಮದೇ ಶಬ್ದವೆಂದು ಹೊಳೆಯುವದು. ಕಾಡಿಗೆ ಹೋದಾಗಲೂ ಇದೇ ಕ್ರಮ. ಮರಗಳ ಪಟ್ಟಿ ಮಾಡುವಾಗ ಮತ್ತಿ, ಹೊನ್ನೆ, ದಿಂಡಿಗದಂಥ ನಮ್ಮ ಹೆಸರುಗಳನ್ನು ಬರೆದುಕೊಂಡು, ಗೊತ್ತಿದ್ದಲ್ಲಿ ಲ್ಯಾಟಿನ್ ಹೆಸರನ್ನು ಪಕ್ಕಕ್ಕೆ ಕೂಡಿಸುವನು. ಆತನಿಗೆ ಕನ್ನಡ ಬರುತ್ತಿರಲಿಲ್ಲ. ದುಭಾಷಿಯ ಮೂಲಕವೇ ಎಲ್ಲ ವ್ಯವಹಾರ. ಆದರೂ ಊರವರು ಕರೆಯುವ ಹೆಸರಿಲ್ಲದೆ ಗಿಡದ ಗುರುತು ಪೂರ್ತಿಯಾಗದು ಎಂಬ ತಿಳುವಳಿಕೆ ಆತನಿಗಿತ್ತು. ಊರವರ ಹೆಸರನ್ನು ಒಡೆದ ಬುಡ್ಡಿಯಂತೆ ಎಸೆದು ಲ್ಯಾಟಿನ್ ಹೆಸರನ್ನಷ್ಟೇ ಇಟ್ಟುಕೊಂಡ ಪಂಡಿತರೂ ಆ ಕಾಲದಲ್ಲಿ ಕಡಿಮೆಯಿರಲಿಲ್ಲ.

ಇಲ್ಲಿ ಒಂದು ಸ್ವಂತದ ಮಾತು. ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಶ್ರಾವಣದಲ್ಲಿ ಸದಿ ತೆಗೆಯಲು ಹೊಲಕ್ಕೆ ಹೋದರೆ ಕೈಗೆ ಬಂದ ಪ್ರತಿಯೊಂದು ಕಸದ ಹೆಸರನ್ನೂ ಹೇಳುವಳು. ಯಾವುದು ಪಲ್ಲೆಗೆ ಬರುವದು, ಯಾವುದನ್ನು ದನ ಮುಟ್ಟುವದಿಲ್ಲ, ಯಾವುದು ಚೇಳು ಕಡಿದಾಗ ಬೇಕು, ಎಲ್ಲ ಗೊತ್ತು. ಹದಿನೈದು ವರ್ಷ ಓದಿದ ನನಗೆ ಹತ್ತು ಗಿಡಗಳ ಹೆಸರು ಸರಿಯಾಗಿ ಬಾರದು. ಬುಕಾನನ್ನನ ಪುಟಗಳನ್ನು ಓದುವಾಗ, ಆತನು ನಮ್ಮ ಹೊಲಕ್ಕೆ ಬಂದಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ, ಅವ್ವನನ್ನು ಕೇಳುತ್ತಿದ್ದನು ಎಂದು ಅನಿಸಿ ನಾಚಿಕೆಯಾಯಿತು.

1801ರ ಆರಂಭಕ್ಕೆ ಆತನು ಕೊಯಮತ್ತೂರು, ಮಲಬಾರಗಳನ್ನು ಮುಗಿಸಿ ಮಂಗಳೂರಿಗೆ ಬಂದನು. ಅಲ್ಲಿಂದ ಕಡಲ ದಂಡೆಯಗುಂಟ ಹೊನ್ನಾವರ, ಗೋಕರ್ಣ, ಕಾರವಾರ. ಬಳಿಕ ಘಟ್ಟ ಹತ್ತಿ ಯಲ್ಲಾಪುರ, ಸೋಂದೆ, ಸಿರ್ಸಿ, ಬನವಾಸಿ. ನಮ್ಮ ಬಯಲಸೀಮೆಯವರು ಮೊದಲ ಸಲ ಯಲ್ಲಾಪುರದ ಕಾಡು ನೋಡಿದಾಗ ಕತ್ತು ಮೇಲೆತ್ತಿ ನಿಂತುಬಿಡುವರು. ಆತನ ಬರವಣಿಗೆಗೂ ಇಲ್ಲಿ ಸ್ವಲ್ಪ ಉಸಿರು ಬರುವದು. ಯಾರೂ ನೆಡದೆ ಕಾಡಿನಲ್ಲಿ ತಾನಾಗಿ ಹಬ್ಬಿದ ಮೆಣಸಿನ ಬಳ್ಳಿಗಳನ್ನು ಅಲ್ಲಿ ಕಂಡನು. ಅಂಥ ಕಾಡಿಗೆ ಅಲ್ಲಿಯವರು ಮೆಣಸಿನ ಕಾನು ಎನ್ನುವದನ್ನು ತಿಳಿದು ಅದೇ ಹೆಸರಿನಿಂದ ಬರೆದನು. ಅದು ಪೂರಾ ಕಾಡೂ ಅಲ್ಲ, ಪೂರಾ ತೋಟವೂ ಅಲ್ಲ. ಬಳ್ಳಿ ತಾನೇ ಹುಟ್ಟುವದು, ಮನುಷ್ಯನು ಅದಕ್ಕೆ ಮರವನ್ನು ಒದಗಿಸಿ ಸುತ್ತಲಿನ ಪೊದೆಯನ್ನು ಸವರುವನು. ಯುರೋಪಿನಲ್ಲಿ ಓದಿದ ಪಾಠದಲ್ಲಿ ಇಂಥದಕ್ಕೆ ಒಂದು ಶಬ್ದವಿರಲಿಲ್ಲವೆಂದು ತೋರುವದು. ಕಾನು ಎಂಬ ನಮ್ಮ ಎರಡಕ್ಷರವೇ ಕೆಲಸಕ್ಕೆ ಬಂದಿತು. ಹವ್ಯಕರ ಅಡಿಕೆ ತೋಟಗಳನ್ನು ಆತನು ಬಹು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಎರಡು ಗುಡ್ಡಗಳ ನಡುವಿನ ತಂಪು ಕಣಿವೆ, ನೀರು ಬಸಿಯಲು ತೋಡಿದ ಕಾಲುವೆ, ಬೆಟ್ಟದಿಂದ ತಂದ ಸೊಪ್ಪಿನ ಗೊಬ್ಬರ, ಅಡಿಕೆಯ ಮರಕ್ಕೆ ಹಬ್ಬಿಸಿದ ಮೆಣಸು ಮತ್ತು ವೀಳ್ಯದೆಲೆ, ಕೆಳಗೆ ಏಲಕ್ಕಿ. ಸಿರ್ಸಿಯ ಕಡೆಯಿಂದ ಬಂದ ನನ್ನ ಸಹಪಾಠಿಗೆ ಈ ಪುಟಗಳನ್ನು ಓದಿ ಹೇಳಿದೆನು. ತಮ್ಮ ಅಜ್ಜನ ತೋಟದ ಮಾತು ಕೇಳಿದಂತಾಯಿತು ಎಂದು ಅವನು ಬೆರಗಾದನು.

ಹೀಗೆಂದು ಬುಕಾನನ್ನನನ್ನು ಋಷಿಯನ್ನಾಗಿ ಮಾಡುವ ಇಚ್ಛೆ ನನಗಿಲ್ಲ. ಆತನ ನಾಲಿಗೆ ಬಿರುಸು. ನಮ್ಮ ರೈತರ ಉಳುಮೆಯನ್ನು ಅನೇಕ ಕಡೆಗೆ ಹಳಿದಿದ್ದಾನೆ. ಒಂದು ವರ್ಗದ ಜನರೆಲ್ಲ ಸುಳ್ಳು ಹೇಳುವರೆಂಬ ಅನುಮಾನದಿಂದಲೇ ಮಾತಿಗೆ ತೊಡಗುವನು. ಕಂದಾಯ ಹೆಚ್ಚಾದೀತೆಂಬ ಹೆದರಿಕೆಯಿಂದ ರೈತನು ಬೆಳೆಯನ್ನು ಕಡಿಮೆ ಹೇಳಿದರೆ ಅದು ಸುಳ್ಳೋ ಆತ್ಮರಕ್ಷಣೆಯೋ ಎಂದು ನಿಂತು ಯೋಚಿಸಲು ಆತನಿಗೆ ವ್ಯವಧಾನವಿರಲಿಲ್ಲ. ಆತನು ಬರೆದ ಪ್ರತಿಯೊಂದು ಅಂಕಿಯೂ ಕೊನೆಗೆ ಕಂಪನಿಯ ಕಚೇರಿಗೇ ಹೋಯಿತು. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುವದು. ಗಿಡದ ಹೆಸರು ಬರೆದವನು ಅದನ್ನು ಹೇಳಿದವರ ಹೆಸರನ್ನು ಒಬ್ಬಿಬ್ಬರ ಹೊರತು ಬರೆಯಲಿಲ್ಲ. ಇದು ಆ ಕಾಲದ ಪದ್ಧತಿಯೇ ಹಾಗಿತ್ತೆಂದು ಬಿಡುವಂತೆಯೂ ಇಲ್ಲ. ಆತನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1678ರಿಂದ 1693ರ ವರೆಗೆ, ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥವನ್ನು ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದನು. ಅದರಲ್ಲಿ ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯನ, ಹಾಗೆಯೇ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ಹೆಸರುಗಳು ಅವರವರ ಪ್ರಮಾಣಪತ್ರಗಳೊಡನೆ ಅಚ್ಚಾಗಿವೆ. ಬುಕಾನನ್ನನು ಈ ಗ್ರಂಥವನ್ನು ಬಲ್ಲವನಾಗಿದ್ದನು, ಮುಂದೆ ಅದರ ಮೇಲೆ ದೀರ್ಘವಾದ ವ್ಯಾಖ್ಯಾನವನ್ನೂ ಬರೆದನು. ಬಲ್ಲವನು ಆ ಒಂದು ಗುಣವನ್ನು ಏಕೆ ಕಲಿಯಲಿಲ್ಲವೋ!

ಮುಂದಿನ ಕಥೆ ಬೇಗ ಹೇಳಬಹುದು. 1802ರಲ್ಲಿ ಕ್ಯಾಪ್ಟನ್ ನಾಕ್ಸನ ರಾಯಭಾರದೊಡನೆ ನೇಪಾಳಕ್ಕೆ ಹೋಗಿ ಮರುವರ್ಷ ಮರಳಿದನು. ಪರದೇಶದ ಹೂಗಳನ್ನು ಮನದಣಿಯೆ ನೋಡುವ ಭಾಗ್ಯ ಆತನಿಗೆ ಪೂರ್ತಿಯಾಗಿ ಸಿಕ್ಕದ್ದು ಬಹುಶಃ ಅಲ್ಲಿಯೇ. ಹಿಮಾಲಯದ ಆ ಕಣಿವೆಯಲ್ಲಿ ನೂರಾರು ಗಿಡಗಳನ್ನು ಒಣಗಿಸಿ, ಚಿತ್ರ ಬರೆಯಿಸಿ, ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಕೊಟ್ಟನು. ಅವು ಇಂದಿಗೂ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿವೆ. ನೇಪಾಳದ ಗ್ರಂಥದಲ್ಲಿ ತನಗೆ ಸಂಗತಿಗಳನ್ನು ಸಂಗ್ರಹಿಸಿಕೊಟ್ಟ ರಾಮಜಯ ಭಟ್ಟಾಚಾರ್ಯನೆಂಬ ಕಲಕತ್ತೆಯ ಬ್ರಾಹ್ಮಣನನ್ನು ಹೆಸರಿಸಿದ್ದಾನೆ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. ಬಳಿಕ ಗವರ್ನರ್ ಜನರಲ್ಲನ ವೈದ್ಯನಾಗಿ ಬಾರಕಪುರದ ಪ್ರಾಣಿಸಂಗ್ರಹವನ್ನು ನೋಡಿಕೊಂಡನು. ನಡುವೆ ಒಮ್ಮೆ ಸ್ವದೇಶಕ್ಕೆ ಹೋಗಿ ಬಂದನು. ಮೈಸೂರಿನ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಿತ್ತು. ಅಷ್ಟು ಹೊತ್ತಿಗೆ ಆತನು ಪುನಃ ಬಂಗಾಲಕ್ಕೆ ಹೊರಟಿದ್ದನು. ವಿಷಯವಾರು ತಿದ್ದಿ ಜೋಡಿಸಲು ಸಮಯವಿಲ್ಲದೆ ದಿನಚರಿಯನ್ನು ಇದ್ದಂತೆಯೇ ಅಚ್ಚಿಗೆ ಕೊಟ್ಟನು. ಓದುವವರಿಗೆ ಅದರಿಂದ ಸ್ವಲ್ಪ ತ್ರಾಸವೇ ಸರಿ. ಆದರೆ ಒಂದೊಂದು ಊರಿನ ಒಂದೊಂದು ದಿನವು ಹಸಿಹಸಿಯಾಗಿ ಉಳಿದದ್ದು ಆ ಅವಸರದ ಪುಣ್ಯದಿಂದಲೇ.

1807ರಿಂದ 1814ರ ವರೆಗೆ ಏಳು ವರ್ಷ ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಾಟಣಾ, ಶಹಾಬಾದ, ಗೋರಖಪುರಗಳನ್ನು ಜಿಲ್ಲೆ ಜಿಲ್ಲೆಯಾಗಿ ಸುತ್ತಿ ವರದಿ ಬರೆದನು. ಗಿಡಗಳ, ಮೀನುಗಳ, ಪಕ್ಷಿಗಳ ಚಿತ್ರಗಳನ್ನು ದೇಶೀಯ ಚಿತ್ರಗಾರರಿಂದ ಬರೆಯಿಸಿದನು. ಅವರ ಕೈಯ ನಯವನ್ನು ನೋಡಬೇಕೆನ್ನುವವರು ಗಂಗಾನದಿಯ ಮೀನುಗಳ ಬಗ್ಗೆ ಆತನು 1822ರಲ್ಲಿ ಪ್ರಕಟಿಸಿದ ಗ್ರಂಥದ ಚಿತ್ರಗಳನ್ನು ನೋಡಬಹುದು. 1814ರಲ್ಲಿ ಸಹಪಾಠಿಗಳ ಪರಂಪರೆಯ ರಾಕ್ಸ್‌ಬರೊನ ಸ್ಥಾನ, ಎಂದರೆ ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ, ಆತನಿಗೆ ದೊರೆಯಿತು. ಜೀವಮಾನವೆಲ್ಲ ಬಯಸಿದ್ದು ಕೈಗೆ ಬಂದಾಗ ಮೈಯಲ್ಲಿ ತ್ರಾಣವಿರಲಿಲ್ಲ. ಕೆಲವೇ ತಿಂಗಳಲ್ಲಿ, 1815ರಲ್ಲಿ, ಊರಿಗೆ ಹೊರಟನು.

ಹೊರಡುವ ಹೊತ್ತಿನಲ್ಲಿ ಆತನಿಗೆ ಒಂದು ಪೆಟ್ಟು ಬಿದ್ದಿತು. ವರ್ಷಾನುವರ್ಷ ಬರೆಯಿಸಿ ಜೋಪಾನ ಮಾಡಿದ ಚಿತ್ರಗಳನ್ನು ಜೊತೆಗೆ ಒಯ್ದು ಕಂಪನಿಯ ನಿರ್ದೇಶಕರಿಗೆ ತಾನೇ ಒಪ್ಪಿಸುವ ಹಂಬಲ ಆತನದು. ಅಂದಿನ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನು ಅದಕ್ಕೆ ಒಪ್ಪದೆ ಚಿತ್ರಗಳನ್ನು ಕಲಕತ್ತೆಯಲ್ಲಿಯೇ ಹಿಡಿದಿಟ್ಟನು. ಸರಕಾರದ ಸಂಬಳದಲ್ಲಿ ಬರೆಯಿಸಿದ್ದು ಸರಕಾರದ್ದು ಎಂಬುದು ಒಂದು ನ್ಯಾಯ. ಕಣ್ಣಿಟ್ಟು ನೋಡಿದವನಿಗೆ ನೋಡಿದ್ದರ ಮೇಲೆ ಹಕ್ಕಿಲ್ಲವೆ ಎಂಬುದು ಇನ್ನೊಂದು. ಬುಕಾನನ್ನನು ಬಹಳ ನೊಂದುಕೊಂಡನು. ಇದನ್ನು ಓದಿದಾಗ ನನಗೆ ಕನಿಕರವೂ ಬಂದಿತು, ಒಳಗೊಳಗೆ ಒಂದು ಬಗೆಯ ನಗೆಯೂ ಬಂದಿತು. ನಮ್ಮ ಹಳ್ಳಿಗಳ ಎಷ್ಟೋ ಜನ ತಾವು ತಿಳಿದದ್ದನ್ನು ಆತನಿಗೆ ಹೇಳಿ ಹೆಸರಿಲ್ಲದೆ ಉಳಿದರು. ಅದೇ ಕಹಿಯನ್ನು ಆತನೂ ಒಂದು ಗುಟುಕು ಕುಡಿಯಬೇಕಾಯಿತು.

ಸ್ಕಾಟ್ಲಂಡದಲ್ಲಿ ತಾಯಿಯ ಕಡೆಯ ಆಸ್ತಿ ಬಂದದ್ದರಿಂದ ಹ್ಯಾಮಿಲ್ಟನ್ ಎಂಬ ಅಡ್ಡಹೆಸರನ್ನು ಇಟ್ಟುಕೊಂಡನು. ಆದ್ದರಿಂದಲೇ ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಆತನನ್ನು ಬುಕಾನನ್ ಹ್ಯಾಮಿಲ್ಟನ್ ಎಂದು ಕರೆಯುವರು. ಕೊನೆಯ ವರ್ಷಗಳನ್ನು ಲೆನಿಯಲ್ಲಿ ಕಳೆದನು. ಮಲಬಾರಿನ ಗಿಡಗಳ ವ್ಯಾಖ್ಯಾನವನ್ನು ಸ್ಕಾಟ್ಲಂಡದ ಚಳಿಯಲ್ಲಿ ಕುಳಿತು ಬರೆದನು. ಕಿಟಕಿಯ ಹೊರಗೆ ಹಿಮ, ಕಾಗದದ ಮೇಲೆ ನಮ್ಮ ಸಂಪಿಗೆ, ಹಲಸು, ಮತ್ತಿ! 1829ರ ಜೂನ್ 15ರಂದು ತೀರಿಕೊಂಡನು. ಒಣಗಿಸಿದ ಗಿಡಗಳ ಒಂದು ಭಾಗವು ಎಡಿನ್‌ಬರೊದ ರಾಜ ಸಸ್ಯೋದ್ಯಾನದಲ್ಲಿದೆ. ತನಗೆ ಪಾಠ ಹೇಳಿದ ಊರಿಗೇ ಅವು ಸೇರಿದವು.

ಆತನ ಹೆಸರು ನಮ್ಮ ಅಡಿಗೆಮನೆಯಲ್ಲಿಯೂ ಇದೆಯೆಂದರೆ ಓದುಗರು ನಂಬಲಿಕ್ಕಿಲ್ಲ. ಹಬ್ಬದ ದಿನ ಬಾಸುಂದಿಯ ಮೇಲೂ ಶ್ರೀಖಂಡದ ಮೇಲೂ ಉದುರಿಸುವ ಚಾರೋಳಿಯಿದೆಯಷ್ಟೆ. ಅದರ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಬುಕಾನನಿಯಾ. ಜರ್ಮನಿಯ ಸ್ಪ್ರೆಂಗೆಲ್ ಪಂಡಿತನು ಈತನ ಗೌರವಾರ್ಥವಾಗಿ ಇಟ್ಟದ್ದು. ದೀಪಾವಳಿಗೆ ಊರಿಗೆ ಹೋದಾಗ ಇದನ್ನು ಅವ್ವನಿಗೆ ತಿಳಿಸಿದೆನು. ಚಾರೋಳಿಯ ರೇಟು ಏರಿದ ಸಂಗತಿಯನ್ನು ಅವಳು ನನಗೆ ತಿಳಿಸಿದಳು.

ಬುಕಾನನ್ನನು ಮನೋಳಿಗೆ ಬರಲಿಲ್ಲ. ಬನವಾಸಿಯಿಂದ ತೆಂಕಣ ದಾರಿ ಹಿಡಿದು ಇಕ್ಕೇರಿ, ನಗರಗಳ ಕಡೆಗೆ ತಿರುಗಿ, ಬಳಿಕ ಹರಿಹರ, ಚಿತ್ರದುರ್ಗ ಎಂದು ಸಾಗಿದನು. ನಮ್ಮ ಸೀಮೆಯು ಆಗ ಮರಾಠರ ಕೈಯಲ್ಲಿತ್ತು. ಕಂಪನಿಯು ಗೆಲ್ಲದ ನೆಲ ಆತನ ಯಾದಿಗೂ ಸೇರಿರಲಿಲ್ಲ. ಹೀಗಾಗಿ 1800ರ ಮನೋಳಿಯ ಬಗ್ಗೆ ನಮಗೆ ಉಳಿದದ್ದು ತೋಪಿನವನ ಕಾಗದಗಳಷ್ಟೇ. ಎಷ್ಟು ಆನೆ, ಎಷ್ಟು ಒಂಟೆ ಕೈಸೇರಿದವೆಂಬ ಲೆಕ್ಕ ಅವುಗಳಲ್ಲಿ ಸಿಗುವದು. ಆ ದಿನ ಹೊಳೆಯ ದಂಡೆಯಲ್ಲಿ ಯಾವ ಹೂ ಅರಳಿತ್ತೆಂದು ಬರೆದವರಿಲ್ಲ. ಊಹಿಸಬಹುದು: ಜುಲೈ ಕೊನೆಗೆ ನಮ್ಮಲ್ಲಿ ತುಂಬೆ ಬಿಳಿಯಾಗಿ ಅರಳಿರುವದು, ಬದುವಿನ ಮೇಲೆ ಹೊನ್ನಾವರಿಕೆ ಹಳದಿಯಾಗಿ ನಿಂತಿರುವದು, ಉತ್ತರಾಣಿ ಕಾಲಿಗೆ ಅಂಟುವಷ್ಟು ಬೆಳೆದಿರುವದು.

ಈ ಸಲದ ಶ್ರಾವಣದಲ್ಲಿ ನಾನು ನೂರು ಪುಟದ ಒಂದು ನೋಟಬುಕ್ಕು ಹಿಡಿದುಕೊಂಡು ಅವ್ವನ ಹಿಂದೆ ಹೊಲಕ್ಕೆ ಹೋದೆನು. ತುಂಬೆ, ಹತ್ತರಕಿ, ಗೋಳಿ, ಕಿರಕಸಾಲಿ, ನೆಗ್ಗಿಲು, ಎಕ್ಕಿ, ಕರಿಕೆ. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತಾರು ಹೆಸರುಗಳು ಸಿಕ್ಕವು. ಒಂದೊಂದರ ಟೊಂಗೆಯನ್ನು ಹಳೆಯ ವರ್ತಮಾನಪತ್ರಿಕೆಯ ನಡುವೆ ಒತ್ತಿಟ್ಟಿದ್ದೇನೆ. ಸಸ್ಯಶಾಸ್ತ್ರ ಓದುವ ಮಿತ್ರನೊಬ್ಬನು ಇಪ್ಪತ್ತೆರಡಕ್ಕೆ ಲ್ಯಾಟಿನ್ ಹೆಸರು ಹುಡುಕ್ಕೊಟ್ಟನು. ಉಳಿದ ನಾಲ್ಕು ಇನ್ನೂ ಅವ್ವನ ಹೆಸರಿನಲ್ಲಿಯೇ ಇವೆ. ನೋಟಬುಕ್ಕಿನ ಮೊದಲ ಪುಟದಲ್ಲಿ ತಾರೀಖಿನ ಕೆಳಗೆ, ಹೆಸರು ಹೇಳಿದವರು ಎಂದು ಬರೆದು ಅವಳ ಹೆಸರನ್ನು ಹಾಕಿದ್ದೇನೆ.